ರಾತ್ರಿ ಪಾಳಿಯ ಸುಬ್ಬರಾವ್

ಬಯೋಕೆಮಿಸ್ಟ್ರಿ ಓದಿ ಕೊನೆಗೆ ಮೂತ್ರದ ಸ್ಯಾಂಪಲ್ ಹಿಡಿಯುವ ಕೆಲಸವೇ ಎಂದು ನೆಂಟರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಯಲ್ಲಾಪ್ರಗಡ ಸುಬ್ಬರಾವ್. ಆರ್‌ಪಿಸಿ ಲೇಔಟ್‌ನ ಒಂದು ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಇಲ್ಲೇ ಹಂಪಿನಗರದ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯ ಗೆಳತಿಯರಿಗೂ ಅವರ ಬದುಕು ಗೊತ್ತಿರಬೇಕು ಎನಿಸುತ್ತದೆ.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಸುಬ್ಬರಾವ್ ಮೆಟ್ರಿಕ್ ಪಾಸಾಗಿದ್ದು ಮೂರನೇ ಯತ್ನದಲ್ಲಿ. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಒಡಹುಟ್ಟಿದವರು ಬಲಿಯಾದರು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದವರು ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಕೈಗೆ ಬಂತು. ಸರ್ಕಾರಿ ಕೆಲಸ ಸಿಗಲಿಲ್ಲ.

1920ರ ದಶಕದ ಆರಂಭದಲ್ಲಿ ಅಮೆರಿಕದ ಬೋಸ್ಟನ್‌ಗೆ ಹೋದರು. ಹಗಲು ಹಾರ್ವರ್ಡ್‌ನಲ್ಲಿ ಓದು, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ವೈದ್ಯನಾಗಿದ್ದೂ ಅದನ್ನು ಮಾಡಿದರು. 1925ರಲ್ಲಿ ಸೈರಸ್ ಫಿಸ್ಕೆ ಜೊತೆ ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ನೀಲಿ ಬಣ್ಣದ ಮೂಲಕ ಅಳೆಯುವ ವಿಧಾನ ಕೊಟ್ಟರು. ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆಲ್ಲ ಫಿಸ್ಕೆ–ಸುಬ್ಬರಾವ್ ವಿಧಾನ ಪರಿಚಿತ. 1929ರಲ್ಲಿ ಇವರಿಬ್ಬರೂ, ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ, ಸ್ನಾಯುವಿನಲ್ಲಿ ಎಟಿಪಿಯನ್ನು ಗುರುತಿಸಿದರು.

ಎಟಿಪಿ ಜೀವಕೋಶದ ಇಂಧನ ಎಂದು ಪಿಯುಸಿಯಲ್ಲೇ ಓದಿರುತ್ತೇವೆ. ಅದು ಸಂದೇಶವನ್ನೂ ಸಾಗಿಸುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೂತ್ರಕೋಶ ತುಂಬಿ ಹಿಗ್ಗಿದಾಗ ಅದರ ಒಳಪೊರೆಯ ಕೋಶಗಳು ಎಟಿಪಿಯನ್ನು ಹೊರಬಿಡುತ್ತವೆ. ಪಕ್ಕದ ನರದ ತುದಿಗಳು ಅದನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅದೇ ಎಟಿಪಿ ಒಡೆದಾಗ ಸಿಗುವ ಅಡೆನೊಸಿನ್ ಮೂತ್ರಕೋಶದ ಸ್ನಾಯುವನ್ನು ಸಡಿಲಗೊಳಿಸಬಲ್ಲದು. ಒಳಪೊರೆ ಬಿಡುವ ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳೂ ಈ ನಿಯಂತ್ರಣದಲ್ಲಿ ಪಾಲುಗೊಳ್ಳುತ್ತವೆ. ಈ ಹೊಂದಾಣಿಕೆ ತಪ್ಪಿದರೆ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವ ತೊಂದರೆ ಶುರುವಾಗಬಹುದು. ಎಟಿಪಿ ಸಂದೇಶವಾಹಕ ಎಂದು ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲಿ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. ಆ ಹೊತ್ತಿಗೆ ಸುಬ್ಬರಾವ್ ತೀರಿಕೊಂಡು 24 ವರ್ಷವಾಗಿತ್ತು.

ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಮನೆಯವರನ್ನು ಕಿತ್ತುಕೊಂಡಿದ್ದ ಸ್ಪ್ರೂಗೆ ಅದೇ ಮದ್ದಾಯಿತು. ಅದೇ ಹಾದಿಯಲ್ಲಿ ಬಂದ ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೆ ಔಷಧವಾಯಿತು, ಮೂತ್ರಕೋಶದ ಕ್ಯಾನ್ಸರ್‌ಗೂ ಸಹ. ತಾಯ್ನಾಡಿಗೆ ಮರಳದೆಯೇ 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಸುಬ್ಬರಾವ್ ಹಾಗೆ ನಾವೆಲ್ಲ ವಿಜ್ಞಾನಿಗಳಾಗುತ್ತೇವೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಿಕ್ಕ ಸಣ್ಣ ಕೆಲಸ ಊಟ ಹಾಕುತ್ತದೆ, ಓದಿಗೆ ಸಮಯ ಕೊಡುತ್ತದೆ ಎಂದಾದರೆ ಅದಕ್ಕೆ ನಾಚಿಕೊಳ್ಳಬೇಕಿಲ್ಲ. ಫಲಿತಾಂಶಕ್ಕೆ ಕಾಯುತ್ತ ಕೈಕಟ್ಟಿ ಕುಳಿತ ಸ್ನೇಹಿತರು ಇದನ್ನೊಮ್ಮೆ ಯೋಚಿಸಲಿ.