ಮಳೆಯಲ್ಲಿ ಓಡಿದ ಬೆಳಗಾವಿಯ ಚೌಗುಲೆ

ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಳಗಾವಿಯವರು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಯ ಓಟಗಾರರ ವೇಗ ಕಂಡು ಉದ್ಯಮಿ ದೊರಾಬ್ಜಿ ಟಾಟಾ ಬೆರಗಾದರು. ಅವರ ಮುತುವರ್ಜಿಯಿಂದ ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪ್‌ ಒಲಿಂಪಿಕ್ಸ್‌ಗೆ ಹೊರಟ 6 ಮಂದಿಯಲ್ಲಿ ಚೌಗುಲೆಯೂ ಒಬ್ಬರು.

1920ರ ಆಗಸ್ಟ್ 22. ಅಲ್ಲಿ ತಣ್ಣನೆಯ ಹವೆ, ಜಿನುಗು ಮಳೆ. ಇಂದಿನ ಮ್ಯಾರಥಾನ್ 42.195 ಕಿ.ಮೀ.; ಅಂದು ಓಡಬೇಕಿದ್ದುದು 42.75 ಕಿ.ಮೀ. ಒಲಿಂಪಿಕ್ಸ್‌ನಲ್ಲಿ ಅಷ್ಟು ದೂರದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಫಿನ್ಲೆಂಡಿನ ಹ್ಯಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷದಲ್ಲಿ, 19ನೆಯವರಾಗಿ ಗುರಿ ಮುಟ್ಟಿದರು. ಪದಕ ಬರಲಿಲ್ಲ. ಆದರೆ ಆ ದೂರವನ್ನು ನಮ್ಮವರೂ ಓಡಬಲ್ಲರು ಎಂಬುದು ದಾಖಲಾಯಿತು. 1924ರ ಪ್ಯಾರಿಸ್ ಮ್ಯಾರಥಾನ್‌ನಲ್ಲೂ ಭಾರತೀಯರೊಬ್ಬರು ಓಡಿದರು.

ಪೊಲೀಸ್ ನೇಮಕಾತಿಗೆಂದು ಮಾಗಿಯ ಚಳಿಯಲ್ಲಿ ನಸುಕಿಗೇ ಎದ್ದು ಓಡುವ ನಮ್ಮ ಗೊರವನಹಳ್ಳಿ ಕಡೆಯ ಹುಡುಗ ಹುಡುಗಿಯರಿಗೆ ಆಯ್ಕೆ ಪಟ್ಟಿಯೇ ಎಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಡಿದ್ದೆಲ್ಲ ದಂಡ ಎಂದುಕೊಳ್ಳುತ್ತೇವೆ. ಚೌಗುಲೆಯವರ ಹೆಸರೂ ಮೊದಲ ಮೂವರಲ್ಲಿ ಇರಲಿಲ್ಲ. ನೂರು ವರ್ಷ ಕಳೆದರೂ ಅವರ ಓಟ ಲೆಕ್ಕದಲ್ಲಿದೆ.