ಎರಡು ಸೆಕೆಂಡ್ ನಿಂತುಹೋಗೋ ಡೇಟಾಬೇಸ್ ಮತ್ತು ಜಿಮ್ ಗ್ರೇ

ರಿಸಲ್ಟ್ ಸೈಟ್ ಓಪನ್ ಮಾಡಿರ್ತೀವಿ, ಎಲ್ಲಾ ಸರಿಯಾಗೇ ಓಡ್ತಿರುತ್ತೆ. ಇದ್ದಕ್ಕಿದ್ದ ಹಾಗೆ ಎರಡು ಸೆಕೆಂಡ್ ಏನೂ ಅಲುಗಾಡಲ್ಲ. ಆಮೇಲೆ ತಾನಾಗೇ ಸರಿಹೋಗುತ್ತೆ. ಡೇಟಾಬೇಸ್ ನೋಡಿಕೊಳ್ಳೋರಿಗೆ ಸರ್ವರ್ ಪೂರ್ತಿ ಸತ್ತುಹೋಗೋದಕ್ಕಿಂತ ಇದೇ ದೊಡ್ಡ ತಲೆನೋವು. ಏನಾಯ್ತು ಅಂತ ನೋಡೋಕೆ ಹೋಗೋಷ್ಟರಲ್ಲಿ ಅದು ಮಾಯ! ಇಂಥ ನಿಲುಗಡೆಗಳನ್ನ ಬೆನ್ನು ಹತ್ತಿ ಕಾರಣ ಹಿಡಿದ ಮೊದಲಿಗರಲ್ಲಿ ಒಬ್ಬರು ಜಿಮ್ ಗ್ರೇ. ಎರಡನೇ ವರ್ಷದ ಡಿಬಿಎಂಎಸ್‌ನಲ್ಲಿ ನಾವು ಓದೋ ಟ್ರಾನ್ಸಾಕ್ಷನ್, ಲಾಕ್, ಐಸೊಲೇಷನ್ ಎಲ್ಲದರ ಹಿಂದೆ ಅವರ ಕೆಲಸ ಇದೆ. ಹೆಸರು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಗ್ರೇ ಹುಟ್ಟಿದ್ದು 1944ರ ಜನವರಿ 12ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 1961ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಕೆಮಿಸ್ಟ್ರಿಯಲ್ಲಿ ಮಾರ್ಕ್ಸ್ ಕೈಕೊಟ್ಟಿದ್ದಕ್ಕೆ ಬೇಸತ್ತು ಆರು ತಿಂಗಳು ಕಾಲೇಜನ್ನೇ ಬಿಟ್ಟಿದ್ದರು (ನಮಗೆಲ್ಲ ಸ್ವಲ್ಪ ಸಮಾಧಾನ ಆಗೋ ವಿಷಯ ಇದು). ಮರಳಿ ಬಂದು ಡಿಗ್ರಿ ಮುಗಿಸಿ, 1969ರಲ್ಲಿ ಬರ್ಕ್ಲಿಯಿಂದ ಕಂಪ್ಯೂಟರ್ ಸೈನ್ಸ್‌ನ ಮೊಟ್ಟಮೊದಲ ಪಿಎಚ್‌ಡಿ ಪಡೆದರು.

ಆಮೇಲೆ ಐಬಿಎಂ ಕಂಪನಿಯ ಸ್ಯಾನ್ ಹೊಸೆ ಸಂಶೋಧನಾ ಕೇಂದ್ರ. ಟೇಬಲ್‌ಗಳಲ್ಲಿ ಡೇಟಾ ಇಡಬಹುದು ಅನ್ನೋ ರಿಲೇಷನಲ್ ಯೋಚನೆಯನ್ನ ಎಡ್ಗರ್ ಕಾಡ್ 1970ರಲ್ಲೇ ಕಾಗದದ ಮೇಲೆ ಇಟ್ಟಿದ್ದರು. ಅದು ನಿಜವಾದ ಮಷೀನ್ ಮೇಲೆ, ನೂರಾರು ಜನ ಒಟ್ಟಿಗೆ ಬಳಸಿದರೂ ಓಡುತ್ತಾ? ಅದನ್ನ ಪರೀಕ್ಷಿಸೋಕೆ ಕಟ್ಟಿದ್ದೇ ಸಿಸ್ಟಮ್ ಆರ್. ಎಸ್‌ಕ್ಯೂಎಲ್ ಹುಟ್ಟಿದ್ದೂ ಅಲ್ಲೇ. ಒಂದೇ ಡೇಟಾವನ್ನ ಇಬ್ಬರು ಒಟ್ಟಿಗೆ ಬದಲಾಯಿಸಿದಾಗ ಲೆಕ್ಕ ಕೆಡದ ಹಾಗೆ ನೋಡಿಕೊಳ್ಳೋದರಲ್ಲಿ ಗ್ರೇ ಅವರ ಪಾಲು ದೊಡ್ಡದು. ಇಡೀ ಟೇಬಲ್‌ಗೆ ಲಾಕ್ ಹಾಕಿದರೆ ಎಲ್ಲರೂ ಕಾಯಬೇಕು. ಒಂದೊಂದು ಸಾಲಿಗೂ ಹಾಕಿದರೆ ಲಾಕ್‌ಗಳ ಲೆಕ್ಕ ಇಡೋದೇ ಒಂದು ಕೆಲಸ. ಎರಡನ್ನೂ ಜೊತೆಗೆ ಬಳಸೋ ದಾರಿಯನ್ನ ಗ್ರೇ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಸಿಸ್ಟಮ್ ಆರ್ ಓಡೋಕೆ ಶುರುವಾದ ಮೇಲೆ ವಿಚಿತ್ರವಾದ ಕಾಟ ಕಾಣಿಸ್ತು. ಕೆಲವೊಮ್ಮೆ ಇಡೀ ವ್ಯವಸ್ಥೆ ಏದುಸಿರು ಬಿಡುತ್ತಿತ್ತು. ಕಾರಣವನ್ನ ಗ್ರೇ ಮತ್ತು ಮೂವರು ಸಹೋದ್ಯೋಗಿಗಳು 1979ರಲ್ಲಿ ಬರೆದರು. ಅದಕ್ಕೆ ಅವರಿಟ್ಟ ಹೆಸರು ಕಾನ್ವಾಯ್, ಅಂದರೆ ಒಂದರ ಹಿಂದೆ ಒಂದು ಸಾಲಾಗಿ ಸಾಗೋ ವಾಹನಗಳು.

ಆಗ್ತಿದ್ದದ್ದು ಇಷ್ಟು. ಡೇಟಾಬೇಸ್ ಒಳಗೆ ಲಾಗ್, ಬಫರ್ ಇಂಥವನ್ನ ಕಾಯೋ ಚಿಕ್ಕ ಲಾಕ್‌ಗಳು ಇರ್ತವೆ. ಎಲ್ಲಾ ಪ್ರೊಸೆಸ್‌ಗಳಿಗೂ ಅವು ಪದೇ ಪದೇ ಬೇಕು, ಆದರೆ ಪ್ರತಿ ಸಲ ಬೇಕಾಗೋದು ಒಂದು ಕ್ಷಣಕ್ಕೆ ಮಾತ್ರ. ಲಾಕ್ ಹಿಡಿದಿರೋ ಪ್ರೊಸೆಸ್‌ನ ಸಮಯ ಮುಗೀತು ಅಂತ ಆಪರೇಟಿಂಗ್ ಸಿಸ್ಟಮ್ ಅದನ್ನ ಪಕ್ಕಕ್ಕೆ ಕೂರಿಸಿದರೆ? ಅದು ವಾಪಸ್ ಬರೋವರೆಗೆ ಉಳಿದವರೆಲ್ಲ ಆ ಲಾಕ್ ಮುಂದೆ ಸಾಲು ನಿಲ್ತಾರೆ. ಸರಿ, ಅದು ಬಂದು ಲಾಕ್ ಬಿಟ್ಟರೆ ಸಾಲು ಕರಗಬೇಕಲ್ವಾ? ಕರಗಲ್ಲ! ಅಸಲಿ ಪಾಠ ಇರೋದೇ ಇಲ್ಲಿ.

ಕ್ಯಾಂಟೀನ್ ನೆನಪಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ ಇಡ್ಲಿಗೆ ಟೋಕನ್ ಅಂತ ನಿಯಮ ಇದೆ ಅಂದುಕೊಳ್ಳೋಣ. ಇಡ್ಲಿ ತಿನ್ನೋಕೆ ಅರ್ಧ ನಿಮಿಷ, ಇನ್ನೊಂದು ಬೇಕಂದ್ರೆ ಮತ್ತೆ ಸಾಲಿನ ಕೊನೆಗೆ. ಕೌಂಟರ್ ಒಂದು ನಿಮಿಷ ಮುಚ್ಚಿ ಸಾಲು ಒಮ್ಮೆ ಬೆಳೀತು ಅಂದ್ರೆ ಆಯ್ತು, ಆಮೇಲೆ ಎಲ್ಲರೂ ತಿನ್ನೋದಕ್ಕಿಂತ ನಿಲ್ಲೋದೇ ಜಾಸ್ತಿ. ಸಿಸ್ಟಮ್ ಆರ್‌ನಲ್ಲೂ ಹಾಗೇ. ಲಾಕ್ ಬಿಟ್ಟ ಪ್ರೊಸೆಸ್‌ಗೆ ಸ್ವಲ್ಪ ಹೊತ್ತಲ್ಲೇ ಮತ್ತೆ ಅದೇ ಲಾಕ್ ಬೇಕು, ಆದರೆ ಅದಾಗಲೇ ಸಾಲಿನ ಮೊದಲಿನವರ ಹೆಸರಿಗೆ ಹೋಗಿದೆ. ಹಾಗಾಗಿ ಇದೂ ಕೊನೆಗೆ ನಿಂತು ನಿದ್ದೆ ಹೋಗುತ್ತೆ. ಒಬ್ಬರನ್ನ ಮಲಗಿಸಿ ಇನ್ನೊಬ್ಬರನ್ನ ಎಬ್ಬಿಸೋದರಲ್ಲೇ ಪ್ರೊಸೆಸರ್‌ನ ಸಮಯ ಖಾಲಿ.

ನಮ್ಮಂಥವರು ಆಗಿದ್ದರೆ ದೊಡ್ಡ ಮಷೀನ್ ಕೊಡಿ ಅಂತಿದ್ವಿ. ಅವರು ಬದಲಾಯಿಸಿದ್ದು ಲಾಕ್ ಬಿಡೋ ರೀತಿಯನ್ನ. ಲಾಕ್ ಅನ್ನ ಯಾರ ಕೈಗೂ ಕೊಡಬೇಡಿ, ಸುಮ್ಮನೆ ಖಾಲಿ ಬಿಡಿ, ಕಾಯ್ತಿರೋರನ್ನ ಎಬ್ಬಿಸಿ, ಯಾರಿಗೆ ಸಿಗುತ್ತೋ ಅವರು ತಗೊಳ್ಳಲಿ. ಆಗ ಈಗಾಗಲೇ ಓಡ್ತಿರೋ ಪ್ರೊಸೆಸ್ ಸಾಲಿಗೆ ಹೋಗದೆ ತನ್ನ ಕೆಲಸ ಮುಂದುವರಿಸುತ್ತೆ, ಕಾನ್ವಾಯ್ ತಾನಾಗೇ ಒಡೆಯುತ್ತೆ. ನ್ಯಾಯವಾಗಿ ಕಾಣೋ ಸರದಿಯೇ ಎಲ್ಲರನ್ನೂ ಕಟ್ಟಿಹಾಕಿತ್ತು! ಇವತ್ತಿಗೂ ಪೋಸ್ಟ್‌ಗ್ರೆಸ್‌ನ ಒಳಗಿನ ಚಿಕ್ಕ ಲಾಕ್‌ಗಳು ಬಿಡುಗಡೆಯಾದಾಗ ಸಾಲಿನ ಮೊದಲಿನವರ ಕೈಗೆ ನೇರವಾಗಿ ಹೋಗಲ್ಲ. ಜಾವಾದ ರೀಎಂಟ್ರಂಟ್‌ಲಾಕ್ ಕೂಡ, ನಾವಾಗಿ ಕೇಳದಿದ್ದರೆ, ಸರದಿ ಪಾಲಿಸಲ್ಲ.

1980ರಲ್ಲಿ ಗ್ರೇ ಟ್ಯಾಂಡಮ್ ಕಂಪನಿಗೆ ಹೋದರು. ಬ್ಯಾಂಕ್‌ಗಳಂಥ, ನಿಲ್ಲಲೇಬಾರದ ಕಡೆಗೆ ಕಂಪ್ಯೂಟರ್ ಮಾಡೋರು ಅವರು. 1985ರ ಏಪ್ರಿಲ್ 1ರಂದು ಬಂದ, ಲೇಖಕರ ಹೆಸರಿಲ್ಲದ ಒಂದು ಲೇಖನದ ಹಿಂದೆ ಇದ್ದದ್ದು ಗ್ರೇ. ಡೇಟಾಬೇಸ್‌ಗಳ ವೇಗವನ್ನ ಹೋಲಿಸೋದು ಹೇಗೆ ಅಂತ ಅದರಲ್ಲಿತ್ತು. ಸೆಕೆಂಡಿಗೆ ಎಷ್ಟು ವ್ಯವಹಾರ ಅಂತ ಹೇಳಿಕೊಂಡರೆ ಸಾಲದು, ಅವುಗಳಲ್ಲಿ 95% ಒಂದು ಸೆಕೆಂಡ್ ಒಳಗೆ ಮುಗಿದಿರಬೇಕು ಅನ್ನೋ ಷರತ್ತು ಹಾಕಿದ್ದರು. ಸರಾಸರಿ ಚೆನ್ನಾಗಿದ್ದರೂ ನಡುನಡುವೆ ನಿಂತುಹೋಗೋ ಸಿಸ್ಟಮ್ ಇಲ್ಲಿ ಸಿಕ್ಕಿಬೀಳುತ್ತೆ. ಅದೇ ವರ್ಷ ಕಂಪ್ಯೂಟರ್‌ಗಳು ಯಾಕೆ ನಿಲ್ತವೆ ಅಂತ ಟ್ಯಾಂಡಮ್‌ನ ದಾಖಲೆಗಳನ್ನ ಜಾಲಾಡಿದರು. ಹಾರ್ಡ್‌ವೇರ್‌ನಿಂದ ಆದದ್ದು 18% ಮಾತ್ರ. ಆಡಳಿತ ಮತ್ತು ನಿರ್ವಹಣೆ, ಅಂದರೆ ಮನುಷ್ಯರ ಕೈಕೆಲಸ, 42%.

1995ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಉಪಗ್ರಹ ಚಿತ್ರಗಳನ್ನ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗೋ ಹಾಗೆ ಮಾಡಿದ ಟೆರಾಸರ್ವರ್, ಖಗೋಳ ವಿಜ್ಞಾನಿಗಳಿಗಾಗಿ ಸ್ಕೈಸರ್ವರ್ ಎರಡರಲ್ಲೂ ಅವರ ಕೈ ಇತ್ತು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

2007ರ ಜನವರಿ 28. ತೀರಿಕೊಂಡಿದ್ದ ತಾಯಿಯ ಚಿತಾಭಸ್ಮವನ್ನ ಸಮುದ್ರಕ್ಕೆ ಬಿಡೋಕೆ, ಟೆನೇಶಿಯಸ್ ಅನ್ನೋ ತಮ್ಮ ಹಾಯಿದೋಣಿಯಲ್ಲಿ ಫ್ಯಾರಲನ್ ದ್ವೀಪಗಳ ಕಡೆ ಒಬ್ಬರೇ ಹೊರಟರು. ಮರಳಿ ಬರಲಿಲ್ಲ. ಕರಾವಳಿ ಪಡೆ ಕೆಲವು ದಿನ ಹುಡುಕಿ ನಿಲ್ಲಿಸಿತು. ಆಗ ಗೆಳೆಯರು ಉಪಗ್ರಹದಿಂದ ತೆಗೆಸಿದ ಸಮುದ್ರದ ಚಿತ್ರಗಳನ್ನ ಚಿಕ್ಕ ಚಿಕ್ಕ ತುಂಡು ಮಾಡಿ ಇಂಟರ್ನೆಟ್‌ಗೆ ಹಾಕಿದರು. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೊಂದೇ ತುಂಡಿನಲ್ಲಿ ದೋಣಿಗಾಗಿ ಕಣ್ಣು ಹಾಯಿಸಿದರು. ಉಪಗ್ರಹ ಚಿತ್ರಗಳನ್ನ ಜನರ ಕೈಗೆ ಕೊಟ್ಟ ಮನುಷ್ಯನನ್ನ ಜನ ಹಾಗೇ ಹುಡುಕಿದರು. ದೋಣಿಯೂ ಸಿಗಲಿಲ್ಲ, ಅವರೂ ಸಿಗಲಿಲ್ಲ. 2012ರಲ್ಲಿ ನ್ಯಾಯಾಲಯ ಅವರು ತೀರಿಕೊಂಡಿದ್ದಾರೆ ಅಂತ ಘೋಷಿಸಿತು.

ಅವರು ಕಾಣೆಯಾದಾಗ ನಮ್ಮಲ್ಲಿ ಕೆಲವರು ಹುಟ್ಟೇ ಇರಲಿಲ್ಲ. ಆದರೂ ಲ್ಯಾಬ್‌ನಲ್ಲಿ ಕ್ವೆರಿ ನಿಂತಾಗ ನಾವು ಮಾಡಬೇಕಾದ್ದು ಅವರು ಮಾಡಿದ್ದನ್ನೇ. ಲ್ಯಾಪ್‌ಟಾಪ್‌ಗೆ ಬೈಯೋ ಮೊದಲು ಇನ್ನೊಂದು ವಿಂಡೋ ತೆಗೆದು, ಮೈಎಸ್‌ಕ್ಯೂಎಲ್‌ನಲ್ಲಿ ಶೋ ಪ್ರೊಸೆಸ್‌ಲಿಸ್ಟ್ ಅಂತ ಕೊಟ್ಟು, ಯಾರು ಹಿಡಿದಿದ್ದಾರೆ, ಯಾರು ಕಾಯ್ತಿದ್ದಾರೆ ಅಂತ ನೋಡೋಣ. ಬಹಳ ಸಲ ಅಲ್ಲಿ ಕಾಣೋದು ಕಮಿಟ್ ಕೊಡದೆ ಬಿಟ್ಟ ನಮ್ಮದೇ ಟ್ರಾನ್ಸಾಕ್ಷನ್.