ವಿಷದೊಡನೆ ಬಾಳಿದ ವಿದ್ವಾಂಸ: ರಾಬರ್ಟ್ ಬುನ್ಸೆನ್

ನಮ್ಮ ಹೋಟೆಲುಗಳ ಅಡುಗೆಮನೆಯಲ್ಲಿ ಬೆಳಗಿನ ಜಾವ ಹೊತ್ತಿಕೊಳ್ಳುವ ಗ್ಯಾಸ್ ಒಲೆಯ ನೀಲಿ ಜ್ವಾಲೆಯನ್ನು ದಿನವೂ ಕಾಣುವ ಸಹೋದರರು ಸಾವಿರಾರು ಮಂದಿ ಇದ್ದಾರೆ. ರಾತ್ರಿಶಾಲೆಯಲ್ಲಿ ವಿಜ್ಞಾನ ಕಲಿತವರು ಅದೇ ಜ್ವಾಲೆಯನ್ನು ಪ್ರಯೋಗಶಾಲೆಯ ಮೇಜಿನ ಮೇಲೆಯೂ ಕಂಡು, ಅದರ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ಹೆಸರಿನ ಹಿಂದಿರುವ ಮನುಷ್ಯನು ತನ್ನ ಒಂದು ಕಣ್ಣನ್ನು ಪ್ರಯೋಗಶಾಲೆಯಲ್ಲಿಯೇ ಕಳೆದುಕೊಂಡನೆಂಬುದೂ, ವಿಷದಿಂದ ಸಾವಿನ ಬಾಗಿಲವರೆಗೆ ಹೋಗಿ ಮರಳಿದನೆಂಬುದೂ ಬಹಳ ಜನಕ್ಕೆ ತಿಳಿಯದು. ಅಪಾಯದ ವಸ್ತುಗಳ ನಡುವೆ ದುಡಿಯುವ ಪ್ರತಿಯೊಬ್ಬನೂ ಅರಿತಿರಬೇಕಾದ ಜೀವನವಿದು.

ರಾಬರ್ಟ್ ವಿಲ್ಹೆಲ್ಮ್ ಬುನ್ಸೆನ್ನರು 1811ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯಲ್ಲಿ ಜರ್ಮನಿಯ ಗಟಿಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರೂ ಆಧುನಿಕ ಭಾಷೆಗಳ ಅಧ್ಯಾಪಕರೂ ಆಗಿದ್ದರು. ನಾಲ್ವರು ಗಂಡುಮಕ್ಕಳಲ್ಲಿ ರಾಬರ್ಟರೇ ಕಿರಿಯರು. ಕ್ಯಾಡ್ಮಿಯಂ ಲೋಹವನ್ನು ಕಂಡುಹಿಡಿದ ಸ್ಟ್ರೋಮೆಯರ್ ಎಂಬ ವಿದ್ವಾಂಸರ ಕೈಕೆಳಗೆ ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಇಪ್ಪತ್ತರ ಪ್ರಾಯಕ್ಕೆಲ್ಲ ಡಾಕ್ಟರ್ ಪದವಿಯನ್ನು ಪಡೆದರು. ಅನಂತರ ಸರಕಾರದ ಸಹಾಯಧನದಿಂದ ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾ ದೇಶಗಳಲ್ಲಿ ಸಂಚರಿಸಿ, ಕಾರಖಾನೆಗಳನ್ನೂ ಗಣಿಗಳನ್ನೂ ಪ್ರಯೋಗಶಾಲೆಗಳನ್ನೂ ಕಣ್ಣಾರೆ ನೋಡಿ ಬಂದರು. ಪುಸ್ತಕದ ವಿದ್ಯೆಯನ್ನು ಕೈಕೆಲಸದೊಡನೆ ಕೂಡಿಸುವ ಅವರ ಸ್ವಭಾವವು ಈ ಸಂಚಾರದಲ್ಲಿ ಗಟ್ಟಿಯಾಯಿತು.

ಅವರ ಹೆಸರು ಮೊದಲು ಹೊರಗೆ ಬಂದುದು ಒಂದು ಪ್ರತಿವಿಷದ ಮೂಲಕ. ಆ ಕಾಲದ ಯುರೋಪಿನಲ್ಲಿ ಪಾಷಾಣವು ಮನೆಮನೆಗೆ ಸುಲಭವಾಗಿ ಸಿಗುತ್ತಿದ್ದ ವಿಷ. ಇಲಿಗಳನ್ನು ಕೊಲ್ಲಲು ತಂದುದನ್ನು ಮನುಷ್ಯರು ತಿಂದು ಸಾಯುತ್ತಿದ್ದುದು ಅಪರೂಪವಲ್ಲ. 1834ರಲ್ಲಿ ಬುನ್ಸೆನ್ನರು ಬರ್ತೋಲ್ಡ್ ಎಂಬ ವೈದ್ಯರೊಡನೆ ಸೇರಿ, ಆಗತಾನೆ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡನ್ನು ಕುಡಿಸಿದರೆ ಅದು ಹೊಟ್ಟೆಯಲ್ಲಿ ಪಾಷಾಣವನ್ನು ಹಿಡಿದುಕೊಂಡು, ನೀರಿನಲ್ಲಿ ಕರಗದ ವಸ್ತುವನ್ನಾಗಿ ಮಾಡುತ್ತದೆಂದು ತೋರಿಸಿದರು. ಕರಗದ ವಿಷವು ರಕ್ತಕ್ಕೆ ಸೇರಲಾರದು. ಆದುದರಿಂದ ರೋಗಿಯು ಉಳಿಯುವ ಸಂಭವವುಂಟು. ಇಂದು ವೈದ್ಯರು ಇದಕ್ಕಿಂತ ಉತ್ತಮವಾದ ಬೇರೆ ಔಷಧಗಳನ್ನು ಬಳಸುತ್ತಾರೆ. ಆದರೆ ಅಂದು ಇದು ದೊಡ್ಡ ವರವಾಗಿತ್ತು. ಇಪ್ಪತ್ತಮೂರು ವಯಸ್ಸಿನ ತರುಣನಿಗೆ ತಾನು ಲೋಕಕ್ಕಾಗಿ ಮಾಡಿಟ್ಟ ಮದ್ದು ಮುಂದೆ ತನಗೇ ಬೇಕಾಗುವುದೆಂದು ಆಗ ತೋರಿರಲಾರದು.

1836ರಲ್ಲಿ ಅವರು ಕಾಸೆಲ್ ಪಟ್ಟಣದ ವಿದ್ಯಾಸಂಸ್ಥೆಗೆ ಅಧ್ಯಾಪಕರಾಗಿ ಹೋದರು. 1839ರಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯವನ್ನು ಸೇರಿದರು. ಈ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡುದು ಅತಿ ಭಯಂಕರವಾದ ಒಂದು ಸಂಶೋಧನೆ. ಪಾಷಾಣವನ್ನು ಒಂದು ಬಗೆಯ ಲವಣದೊಡನೆ ಬಟ್ಟಿಯಿಳಿಸಿದಾಗ ಬರುವ, ಗಾಳಿ ಸೋಕಿದೊಡನೆ ಹೊಗೆಯಾಡುವ ಒಂದು ದ್ರವವನ್ನು ಕ್ಯಾಡೆ ಎಂಬ ಫ್ರೆಂಚ್ ವಿದ್ವಾಂಸನು ಹದಿನೆಂಟನೆಯ ಶತಮಾನದಲ್ಲಿಯೇ ಕಂಡಿದ್ದನು. ಅದರ ದುರ್ಗಂಧಕ್ಕೂ ವಿಷಕ್ಕೂ ಹೆದರಿ ಹೆಚ್ಚಿನವರು ಹತ್ತಿರ ಸುಳಿಯುತ್ತಿರಲಿಲ್ಲ. ಬುನ್ಸೆನ್ನರು ಸುಮಾರು ಆರು ವರ್ಷ ಅದರೊಡನೆಯೇ ಕಳೆದರು. ಅದರಿಂದ ಹುಟ್ಟುವ ಕ್ಯಾಕೊಡಿಲ್ ಎಂಬ ವಸ್ತುವರ್ಗವು ಪಾಷಾಣವನ್ನೊಳಗೊಂಡುದು. ಕೆಲವು ಗಾಳಿ ತಾಗಿದರೆ ತಾನಾಗಿ ಉರಿಯುತ್ತವೆ, ಕೆಲವು ಸಿಡಿಯುತ್ತವೆ. ಆ ಆವಿಯನ್ನು ಸೇವಿಸಿದಾಗ ಕೈಕಾಲುಗಳು ಜೋಮು ಹಿಡಿಯುವುದನ್ನೂ, ತಲೆ ತಿರುಗುವುದನ್ನೂ, ನಾಲಗೆಯ ಮೇಲೆ ಕಪ್ಪು ಲೇಪ ಕಟ್ಟುವುದನ್ನೂ ಅವರೇ ಬರೆದಿಟ್ಟಿದ್ದಾರೆ.

ಅವರು ಅಜಾಗರೂಕರಾಗಿದ್ದರೆಂದು ತಿಳಿಯಬಾರದು. ಎಲ್ಲಕ್ಕಿಂತ ಘೋರವಾದ ಕ್ಯಾಕೊಡಿಲ್ ಸಯನೈಡನ್ನು ಅವರು ಬಯಲಿನಲ್ಲಿಯೇ ತಯಾರಿಸುತ್ತಿದ್ದರು. ದೂರದ ಶುದ್ಧ ಗಾಳಿಯನ್ನು ಎಳೆದುಕೊಳ್ಳಲು ಒಂದು ಉದ್ದವಾದ ಗಾಜಿನ ಕೊಳವೆಯನ್ನು ಬಾಯಿಗೆ ಹಿಡಿದುಕೊಂಡು ಉಸಿರಾಡುತ್ತಿದ್ದರು. ಹೀಗೆ ಉಸಿರಿಗೆ ಕಾವಲಿಟ್ಟರೂ ಕಣ್ಣಿಗೆ ಸಾಲುವಷ್ಟು ಕಾವಲಿರಲಿಲ್ಲ. ಒಂದು ದಿನ ಪಾತ್ರೆ ಸಿಡಿದು, ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಮರಳಿ ಬರಲಿಲ್ಲ. ಪಾಷಾಣದ ವಿಷವೂ ಮೈಗೇರಿ, ಅವರು ಸಾವು ಬದುಕಿನ ನಡುವೆ ತೂಗಾಡಿದರು. ಅವರು ತಾವೇ ಕಂಡುಹಿಡಿದ ಕಬ್ಬಿಣದ ಮದ್ದಿನಿಂದಲೇ ಬದುಕಿಕೊಂಡರೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅಪಾಯಕ್ಕೆ ಒಂದೇ ಬಾಗಿಲಿಲ್ಲ. ಮೂಗು, ಬಾಯಿ, ಕಣ್ಣು, ಚರ್ಮ ಹೀಗೆ ದೇಹಕ್ಕೆ ವಿಷ ಹೊಗುವ ದಾರಿಗಳು ಹಲವು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಜಾಣತನವು ಅರ್ಧವಾಗುತ್ತದೆ. ಇಂದಿನ ಪ್ರಯೋಗಶಾಲೆಗಳಲ್ಲಿ ವಿಷದ ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡು, ಕಣ್ಣಿಗೆ ಕನ್ನಡಕ, ಕೈಗೆ ಕೈಚೀಲ, ಮೈಗೆ ಮೇಲಂಗಿ ಎಲ್ಲವೂ ಏಕಕಾಲಕ್ಕೆ ಇರಬೇಕೆಂದು ನಿಯಮ ಮಾಡಿರುವುದು ಇಂಥ ಕಣ್ಣುಗಳ ಬೆಲೆ ತೆತ್ತ ಮೇಲೆಯೇ.

ಬುನ್ಸೆನ್ನರು ಆ ವರ್ಗದ ಸಂಶೋಧನೆಯನ್ನು ಅಲ್ಲಿಗೇ ಬಿಟ್ಟರು. ಕೆಲಸವನ್ನು ಮಾತ್ರ ಬಿಡಲಿಲ್ಲ. ಕಬ್ಬಿಣ ಕರಗಿಸುವ ಕುಲುಮೆಗಳ ಬಾಯಿಂದ ಹೊರಹೋಗುವ ಅನಿಲವನ್ನು ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಪ್ಲೇಫೇರ್ ಎಂಬ ಸ್ನೇಹಿತರೊಡನೆ ನಡೆಸಿ 1845ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಅಲ್ಲಿಯ ಕುಲುಮೆಗಳಲ್ಲಿ ಉರಿಸಿದ ಇಂಧನದ ಶಾಖದಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಆಕಾಶದ ಪಾಲಾಗುತ್ತಿದೆಯೆಂದು ತೋರಿಸಿಕೊಟ್ಟರು. 1846ರಲ್ಲಿ ಐಸ್‌ಲೆಂಡಿಗೆ ಹೋಗಿ, ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಯ ಕೊಳವೆಯೊಳಕ್ಕೆ ಉಷ್ಣಮಾಪಕವನ್ನಿಳಿಸಿ, ಅದು ಚಿಮ್ಮುವ ಕಾರಣವನ್ನು ಕಂಡುಕೊಂಡರು.

1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯವು ಅವರನ್ನು ಬರಮಾಡಿಕೊಂಡಿತು. ಹೊಸ ಪ್ರಯೋಗಶಾಲೆಯನ್ನೂ ಕಟ್ಟಿಸಿಕೊಟ್ಟಿತು. ಊರಿಗೆ ಆಗತಾನೆ ಕಲ್ಲಿದ್ದಲ ಗ್ಯಾಸ್ ಬಂದಿತ್ತು. ಆದರೆ ಆಗಿನ ದೀಪಗಳು ಹಳದಿಯಾಗಿ ಉರಿದು ಮಸಿ ಕಾರುತ್ತಿದ್ದುವು, ಶಾಖವೂ ಸಾಲದು. ಗ್ಯಾಸು ಹೊತ್ತಿಕೊಳ್ಳುವ ಮುನ್ನವೇ ಅದಕ್ಕೆ ಗಾಳಿಯನ್ನು ಬೆರೆಸಿದರೆ ಹೇಗೆ ಎಂದು ಬುನ್ಸೆನ್ನರು ಯೋಚಿಸಿದರು. ಡೆಸಾಗ ಎಂಬ ಕುಶಲ ಯಂತ್ರಕಾರನು ಅದಕ್ಕೆ ರೂಪು ಕೊಟ್ಟನು. ನಿಂತ ಕೊಳವೆಯ ಬುಡದಲ್ಲಿ ಗಾಳಿಗೆ ಕಂಡಿ. ಕೆಳಗಿನಿಂದ ನುಗ್ಗುವ ಗ್ಯಾಸು ಆ ಕಂಡಿಯಿಂದ ಗಾಳಿಯನ್ನು ತಾನೇ ಎಳೆದುಕೊಂಡು, ಮೇಲೇರಿ ನೀಲಿಯಾಗಿ, ಮಸಿಯಿಲ್ಲದೆ, ಸ್ಥಿರವಾಗಿ ಉರಿಯುತ್ತದೆ. 1855ರ ವೇಳೆಗೆ ವಿದ್ಯಾರ್ಥಿಗಳ ಮೇಜುಗಳಿಗೆ ಐವತ್ತು ಬರ್ನರುಗಳು ಸಿದ್ಧವಾದುವು. ಇಂಥ ಪ್ರಯತ್ನಗಳನ್ನು ಹಿಂದೆ ಫ್ಯಾರಡೆ ಮೊದಲಾದವರೂ ಮಾಡಿದ್ದರು. ಅದನ್ನು ಎಲ್ಲರಿಗೂ ನಿಲುಕುವಂತೆ ಮಾಡಿದ ಕೀರ್ತಿ ಹೈಡೆಲ್‌ಬರ್ಗಿನದು. ಬುನ್ಸೆನ್ನರು ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ವಿದ್ಯೆಯಿಂದ ವ್ಯಾಪಾರದ ಲಾಭವನ್ನು ಅವರು ಬಯಸಿದವರಲ್ಲ.

ನಮ್ಮ ಹೋಟೆಲಿನ ಒಲೆಯೂ ಇದೇ ತತ್ತ್ವದಲ್ಲಿ ಉರಿಯುತ್ತದೆ. ಗಾಳಿಯ ಕಂಡಿಯಲ್ಲಿ ಜಿಡ್ಡು ಕಟ್ಟಿದರೆ ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ. ಇದು ಗ್ಯಾಸಿನ ನಷ್ಟ ಮಾತ್ರವಲ್ಲ. ಗಾಳಿ ಸಾಲದೆ ಉರಿಯುವ ಒಲೆಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲುದು. ಒಲೆಯನ್ನು ಉರಿಸಿಟ್ಟುಕೊಂಡು ಅಡುಗೆಮನೆಯಲ್ಲಿಯೇ ಬಾಗಿಲು ಹಾಕಿ ಮಲಗುವ ಹುಡುಗರಿಗೆ ಹಿರಿಯರು ಈ ಮಾತನ್ನು ತಿಳಿಸಿ ಹೇಳಬೇಕು.

ಆ ಬಣ್ಣವಿಲ್ಲದ ಜ್ವಾಲೆಯೇ ಬುನ್ಸೆನ್ನರಿಗೆ ಹೊಸ ಲೋಕವನ್ನು ತೆರೆಯಿತು. ಸಾರು ಉಕ್ಕಿ ಒಲೆಗೆ ಬಿದ್ದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಗೆ ತಿರುಗುವುದನ್ನು ಅಡುಗೆಯವರೆಲ್ಲ ಕಂಡಿದ್ದಾರೆ. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ. ಒಂದೊಂದು ಲೋಹಕ್ಕೂ ಒಂದೊಂದು ಬಣ್ಣ. ಕಿರ್ಖಾಫ್ ಎಂಬ ಭೌತವಿಜ್ಞಾನಿಯೊಡನೆ ಸೇರಿ, ಆ ಬೆಳಕನ್ನು ಪಟ್ಟಕದ ಮೂಲಕ ಬಿಡಿಸಿ ನೋಡುವ ಯಂತ್ರವನ್ನು 1859ರ ಸುಮಾರಿಗೆ ರಚಿಸಿದರು. ಇದರ ಸಹಾಯದಿಂದ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಎರಡು ಹೊಸ ಲೋಹಗಳು ಬೆಳಕಿಗೆ ಬಂದುವು. ಕೆಲವೇ ಗ್ರಾಂ ಲವಣಕ್ಕಾಗಿ ಅವರು ಸುಮಾರು 40 ಟನ್ ಖನಿಜ ಜಲವನ್ನು ಇಂಗಿಸಬೇಕಾಯಿತು. ಸೂರ್ಯನಲ್ಲಿ ಯಾವ ಧಾತುಗಳಿವೆಯೆಂದು ಭೂಮಿಯಲ್ಲಿಯೇ ಕುಳಿತು ಹೇಳುವ ವಿದ್ಯೆಗೂ ಇದೇ ಅಡಿಗಲ್ಲು. ಇದನ್ನೆಲ್ಲ ಅವರು ನೋಡಿದುದು ಉಳಿದ ಒಂದೇ ಕಣ್ಣಿನಿಂದ!

ಆ ಒಂದು ಕಣ್ಣಿಗೂ ಮತ್ತೊಮ್ಮೆ ಗಂಡಾಂತರ ಬಂದಿತು. ಅರುವತ್ತರ ಸಮೀಪಕ್ಕೆ ಬಂದಿದ್ದಾಗ, ರೋಡಿಯಂ, ಇರಿಡಿಯಂ ಲೋಹಗಳ ನುಣ್ಣನೆಯ ಪುಡಿಯನ್ನು ಒಣಗಿಸಿಟ್ಟು, ಹದ ಬಂದಿದೆಯೇ ಎಂದು ಬೆರಳಿನಿಂದ ಮುಟ್ಟಿದರು. ಕೂಡಲೇ ಪುಡಿ ಸಿಡಿಯಿತು. ಕೈ ಬಹಳ ಸುಟ್ಟಿತು. ಆದರೆ ಆ ಕೈಯೇ ಅಡ್ಡ ಬಂದುದರಿಂದ ಕಣ್ಣು ಉಳಿಯಿತು. ಜೀವಮಾನವೆಲ್ಲ ಅಪಾಯದ ವಸ್ತುಗಳನ್ನು ಅರಿತವರಿಗೂ ಹೀಗಾಯಿತೆಂದರೆ, ಅನುಭವವೊಂದೇ ಕವಚವಲ್ಲವೆಂದು ತಿಳಿಯುತ್ತದೆ. ಪಳಗಿದ ಕೈಗೆ ಹೆದರಿಕೆ ಕಡಮೆ. ಹೆದರಿಕೆ ಕಡಮೆಯಾದೆಡೆ ಎಚ್ಚರವೂ ಸಡಿಲುತ್ತದೆ.

ಬುನ್ಸೆನ್ನರು ಮದುವೆಯಾಗಲಿಲ್ಲ. ವಿದ್ಯಾರ್ಥಿಗಳೇ ಅವರ ಸಂಸಾರ. ದಿನವೂ ಮೇಜಿನಿಂದ ಮೇಜಿಗೆ ಹೋಗಿ, ತಾವೇ ಕೈಯಿಟ್ಟು ಕೆಲಸ ತೋರಿಸಿಕೊಡುತ್ತಿದ್ದರು. ಇಂಗ್ಲೆಂಡಿನ ರಾಸ್ಕೋ, ಟಿಂಡಾಲ್ ಮೊದಲಾದವರು ಅವರ ಶಿಷ್ಯರು. ರಷ್ಯಾದ ಮೆಂಡಲೀವನೂ ಕೆಲಕಾಲ ಹೈಡೆಲ್‌ಬರ್ಗಿನಲ್ಲಿ ಕೆಲಸ ಮಾಡಿದನು. 1889ರಲ್ಲಿ ನಿವೃತ್ತರಾಗಿ, ಹತ್ತು ವರ್ಷಗಳ ಮೇಲೆ 1899ನೆಯ ಆಗಸ್ಟ್ 16ರಂದು, ತಮ್ಮ 88ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಪ್ರಯೋಗಶಾಲೆಯ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಹೋಟೆಲಿನ ಹಿಂಬದಿಯ ಮೂಲೆಯೂ ಒಂದು ಪ್ರಯೋಗಶಾಲೆಯೇ. ಅಲ್ಲಿ ಶೌಚಾಲಯ ತೊಳೆಯುವ ಆಸಿಡ್ ಇದೆ, ಬ್ಲೀಚಿಂಗ್ ಪುಡಿ ಇದೆ, ಮೋರಿಗೆ ಹಾಕುವ ಕಾಸ್ಟಿಕ್ ಸೋಡಾ ಇದೆ. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಕೂಡಿಸಿದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಏಳುತ್ತದೆ. ಚೆನ್ನಾಗಿ ತೊಳೆಯಲೆಂದು ಎರಡನ್ನೂ ಬೆರೆಸುವವನು ತಿಳಿಯದೆ ತನ್ನ ಉಸಿರಿಗೇ ಕುತ್ತು ತರುತ್ತಾನೆ. ಕುಡಿಯುವ ನೀರಿನ ಹಳೆಯ ಸೀಸೆಯಲ್ಲಿ ಆಸಿಡ್ ತುಂಬಿಡುವುದು ಇನ್ನೂ ದೊಡ್ಡ ಪ್ರಮಾದ. ಬಾಯಾರಿದವನು ಸೀಸೆಯನ್ನು ನೋಡುವನೇ ಹೊರತು ಒಳಗಿರುವುದನ್ನಲ್ಲ. ಔಷಧದ ಕಂಪೆನಿಗಳಲ್ಲಿಯೂ ಬಣ್ಣದ ಗೋದಾಮುಗಳಲ್ಲಿಯೂ ಲೆಕ್ಕ ಬರೆಯುವ ಗುಮಾಸ್ತರು, ಹೆಸರುಚೀಟಿಯಿಲ್ಲದ ಡಬ್ಬಿಯನ್ನು ದಾಸ್ತಾನಿಗೆ ಸೇರಿಸಿಕೊಳ್ಳದಿದ್ದರೆ ಅದೇ ಒಂದು ಜೀವರಕ್ಷಣೆ.

ಕಣ್ಣಿಗೋ ಮೈಗೋ ಆಸಿಡ್ ಸಿಡಿದರೆ ಎಣ್ಣೆ, ಸುಣ್ಣಗಳನ್ನು ಹುಡುಕುತ್ತ ಕೂಡಬಾರದು. ತಕ್ಷಣವೇ ಧಾರಾಳವಾಗಿ, ಕಾಲು ಗಂಟೆಗೆ ಕಡಮೆಯಿಲ್ಲದೆ, ತಣ್ಣೀರಿನಿಂದ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಮಾಲೀಕರಾದವರು ಕೆಲಸದ ಹುಡುಗನಿಗೆ ಪೊರಕೆಯೊಡನೆ ರಬ್ಬರ್ ಕೈಚೀಲವನ್ನೂ ಕೊಡಬೇಕು. ಅದರ ಬೆಲೆ ಎರಡು ಊಟದ ಬೆಲೆಗಿಂತ ಹೆಚ್ಚಲ್ಲ. ಊರಿನಲ್ಲಿರುವ ತಾಯಿತಂದೆಗಳು ಮಗನನ್ನು ಕಳಿಸಿರುವುದು ದುಡಿದು ಬರಲೆಂದು. ಅವನನ್ನು ಎರಡು ಕಣ್ಣುಗಳೊಡನೆ ಮರಳಿ ಒಪ್ಪಿಸುವ ಭಾರ ಕೆಲಸ ಕೊಟ್ಟವರದು. ಬುನ್ಸೆನ್ನರು ಕಳೆದುಕೊಂಡ ಕಣ್ಣಿಗೆ ಲೋಕವು ಜ್ಞಾನವನ್ನಾದರೂ ಪಡೆಯಿತು. ಮೋರಿಯ ಬದಿಯಲ್ಲಿ ಹೋಗುವ ಕಣ್ಣಿಗೆ ಯಾರಿಗೂ ಯಾವ ಫಲವೂ ಇಲ್ಲ.